ಡಬ್ಬಿಯೊಳಗೆ ದೊಡ್ಡಪ್ಪ

ಇಷ್ಟಕ್ಕೆಲ್ಲ ಕಾರಣ ನಾಲ್ಕು ಬೆರಳಿನಷ್ಟು ಜಾಗ. ಇಂಚಪ್ಪನ ಮಲಗುವ ಕೋಣೆಯಲ್ಲಿ ಬಟ್ಟೆಯ ಬೀರುವಿನ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ತೆರೆಯಲು ಹೋದರೆ ಟಣ್ ಎಂದು ಕಂಪ್ಯೂಟರಿಗೆ ಬಡಿಯುತ್ತಿತ್ತು. ಅವನ ಹೆಂಡತಿ ದಿನಾ ಬೆಳಿಗ್ಗೆ ಸಂದಿಯೊಳಕ್ಕೆ ಒಂದು ಕೈ ತೂರಿಸಿ, ಕಣ್ಣು ಕಟ್ಟಿದವಳಂತೆ ತಡಕಾಡಿ, ಕೈಗೆ ಸಿಕ್ಕಿದ್ದನ್ನು ತೊಡುತ್ತಿದ್ದಳು.

"ನಾನೇನು ಹಾಕ್ಕೋಬೇಕು ಅಂತ ತೀರ್ಮಾನ ಮಾಡೋದು ನಾನಲ್ಲ, ದೊಡ್ಡಪ್ಪ" ಎನ್ನುತ್ತಿದ್ದಳು.

ದೊಡ್ಡಪ್ಪ ಎಂದರೆ ಆ ಕಂಪ್ಯೂಟರು. ಮೊಣಕಾಲಿಗಿಂತ ಎತ್ತರದ ಕಪ್ಪು ತಗಡಿನ ಪೆಟ್ಟಿಗೆ. ಗುಂಡಿ ಒತ್ತಿದರೆ ಮೊದಲು ಕೆಮ್ಮುತ್ತಿತ್ತು, ಆಮೇಲೆ ಗೊರಕೆ ಹೊಡೆಯುತ್ತಿತ್ತು. ಸೆಕೆಗಾಲದಲ್ಲಿ ಮೈ ಕೆಂಡವಾಗಿ ಅರ್ಧ ಕೆಲಸದಲ್ಲೇ ಕಣ್ಣು ಮುಚ್ಚಿಬಿಡುತ್ತಿತ್ತು. ಮೂಲೆ ಹಿಡಿದು ಕೂತು ಯಾರ ಮಾತಿಗೂ ಅಲುಗದ ಹಿರಿಯರಿಗೆ ಬೇರೆ ಏನು ಹೆಸರಿಡಲಾದೀತು? ಗಂಡ ಹೆಂಡತಿ ಇಬ್ಬರೂ ಅದನ್ನು ಏಕವಚನದಲ್ಲೇ ಬೈಯುತ್ತ, ಏಕವಚನದಲ್ಲೇ ಸಾಕಿಕೊಂಡು ಬಂದಿದ್ದರು. ಸಾಕದೆ ವಿಧಿಯೂ ಇರಲಿಲ್ಲ. ಹೆಂಡತಿಯದು ಸಿದ್ಧ ಉಡುಪಿನ ಕಾರ್ಖಾನೆಗೆ ಬಟ್ಟೆ ಕತ್ತರಿಸುವ ಮಾದರಿ ಬರೆದುಕೊಡುವ ಕೆಲಸ. ತೋಳು, ಕಾಲರು, ಜೇಬು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಗೀಚಿ, ಮಂಚದಡಿಯ ಹಳೇ ದೊಡ್ಡ ಪ್ರಿಂಟರಿನಿಂದ ಮೈಯುದ್ದದ ಕಾಗದದಲ್ಲಿ ತೆಗೆದುಕೊಡುತ್ತಿದ್ದಳು.

ಇಂಚಪ್ಪ ಲಿಫ್ಟು ರಿಪೇರಿ ಕಂಪನಿಯಲ್ಲಿ ಫೋನೆತ್ತುವ ಗುಮಾಸ್ತ. ಜೇಬಿನಲ್ಲಿ ಸದಾ ಅಳತೆ ಟೇಪು ಇಟ್ಟುಕೊಂಡಿರುತ್ತಿದ್ದುದರಿಂದ ಆ ಹೆಸರು ಬಂದಿತ್ತು. ತಂದೆ ತಾಯಿ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಸುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಫೋನು ಮಾಡಿದಾಗ ಮೆಕ್ಯಾನಿಕ್ ಹೋಗಿ ತಲುಪುವವರೆಗೂ ಅವರ ಜೊತೆ ಮಾತಾಡುತ್ತ, ಅಳುವವರನ್ನು ಸಮಾಧಾನ ಮಾಡುತ್ತ, ಬೈಯುವವರಿಂದ ಬೈಸಿಕೊಳ್ಳುತ್ತ ಇರುವುದು ಅವನ ಕೆಲಸ.

ಒಂದು ದಿನ ಕಚೇರಿಯ ಪಕ್ಕದ ಕಂಪ್ಯೂಟರ್ ಅಂಗಡಿಯ ಗಾಜಿನ ಹಿಂದೆ ಒಂದು ಪುಟಾಣಿ ಕ್ಯಾಬಿನೆಟ್ಟು ಕಂಡಿತು. ಶೂ ಪೆಟ್ಟಿಗೆಯಷ್ಟೇ ಗಾತ್ರ. ಒಳಗೆ ಹೋಗಿ ಉದ್ದ, ಅಗಲ, ಎತ್ತರ ಎರಡೆರಡು ಸಲ ಅಳೆದ.

"ಇಷ್ಟರಲ್ಲಿ ಇಡೀ ಕಂಪ್ಯೂಟರ್ ಹಿಡಿಸುತ್ತಾ?" ಎಂದು ಕೇಳಿದ.

"ಹಿಡಿಸೋದು ಡಬ್ಬಿ ಕೈಲಿಲ್ಲ ಸಾರ್, ಜೋಡಿಸೋರ ಕೈಲಿದೆ" ಎಂದ ಅಂಗಡಿಯವನು. ಅದು ಎಚ್ಚರಿಕೆಯ ಮಾತು ಎಂದು ಇಂಚಪ್ಪನಿಗೆ ಹೊಳೆಯಲಿಲ್ಲ. ಹೊಗಳಿಕೆ ಎಂದು ತಿಳಿದು, ಡಬ್ಬಿಯನ್ನೂ ಅದಕ್ಕೆ ಹೊಂದುವ ಪುಟ್ಟ ಬೋರ್ಡನ್ನೂ ಪವರ್ ಸಪ್ಲೈಯನ್ನೂ ಮನೆಗೆ ತಂದ. ಮೆಮೊರಿ ಮತ್ತು ಡಿಸ್ಕು ದೊಡ್ಡಪ್ಪನಲ್ಲಿದ್ದವೇ ಸಾಕು ಎಂದುಕೊಂಡ.

ಭಾನುವಾರವಿಡೀ ಅದೇ ಆಯಿತು. ಬೋರ್ಡು ಕೂರಿಸಿದರೆ ಪವರ್ ಸಪ್ಲೈಗೆ ಜಾಗವಿಲ್ಲ. ಪವರ್ ಸಪ್ಲೈ ಕೂರಿಸಿದರೆ ಅದರ ವೈರುಗಳಿಗೆ ಜಾಗವಿಲ್ಲ. ವೈರು ಮಡಚಿ ಒತ್ತಿದರೆ ಫ್ಯಾನಿನ ರೆಕ್ಕೆಗೆ ತಾಗಿ ಟರ್‌ರ್ ಎನ್ನುತ್ತದೆ. ಒಂದೇ ಮಂಚದಲ್ಲಿ ಆರು ಜನ ಮಲಗಿದ ಹಾಗೆ, ಒಬ್ಬ ಮಗ್ಗುಲಾಗಬೇಕಾದರೆ ಎಲ್ಲರೂ ಏಳಬೇಕು. ಮರೆತುಹೋದ ಒಂದು ಸ್ಕ್ರೂಗಾಗಿ ಅವನು ಎಲ್ಲವನ್ನೂ ಬಿಚ್ಚಿದ. ಜೋಡಿಸಿದ ಮೇಲೆ ಆ ಸ್ಕ್ರೂ ಬೇರೆ ತೂತಿನದು ಎಂದು ಗೊತ್ತಾಗಿ ಮತ್ತೆ ಬಿಚ್ಚಿದ. ಕಡೆಗೆ ಮುಚ್ಚಳದ ಮೇಲೆ ಕೂತು, ತುಂಬಿದ ಸೂಟ್‌ಕೇಸ್ ಮುಚ್ಚುವವರಂತೆ ಮುಚ್ಚಿದ. ಸಂಜೆ ಗುಂಡಿ ಒತ್ತಿದಾಗ ಸದ್ದಿಲ್ಲದೆ ಪರದೆ ಬೆಳಗಿತು, ಡಬ್ಬಿಯ ಮುಖದಲ್ಲಿ ನೀಲಿ ದೀಪವೊಂದು ಹತ್ತಿತು.

"ನೋಡು, ದೊಡ್ಡಪ್ಪ ಎಷ್ಟು ಸಣ್ಣಗಾದ" ಎಂದ.

ಹೆಂಡತಿ ಡಬ್ಬಿಯ ಹಿಂಬದಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ಗಂಡನ ಮುಖ ಕಂಡು ಸುಮ್ಮನಾದಳು. ಮೆಮೊರಿ, ಡಿಸ್ಕು ಕಳೆದುಕೊಂಡ ಹಳೇ ಪೆಟ್ಟಿಗೆಯನ್ನು ನಡುಮನೆಯ ಬಾಗಿಲ ಹಿಂದೆ ತಳ್ಳಿ ಅದರ ಮೇಲೊಂದು ಹಳೇ ಹೊದಿಕೆ ಹಾಕಿದ್ದಾಯಿತು.

ಸೋಮವಾರ ಬೆಳಿಗ್ಗೆ ಇಂಚಪ್ಪ ಹಲ್ಲುಜ್ಜುವುದಕ್ಕೂ ಮೊದಲು ಡಬ್ಬಿಯ ಮುಂದೆ ನಿಂತ. ಹೆಂಡತಿ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಗುಂಡಿ ಒತ್ತಿದ. ಫ್ಯಾನು ಸುಯ್ ಎಂದಿತು. ನೀಲಿ ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಇತ್ತು. ಇನ್ನೊಮ್ಮೆ ಒತ್ತಿದ. ವೈರು ಎಳೆದು ಚುಚ್ಚಿದ. ಡಬ್ಬಿಯ ಬೆನ್ನು ಸವರಿದ. ಸುಯ್ ಅಷ್ಟೇ.

ಒಂದು ಶಾಲೆಯ ಅಷ್ಟೂ ಮಕ್ಕಳ ಕೋಟಿನ ಮಾದರಿಗಳು, ಹೆಂಡತಿಯ ಎರಡು ತಿಂಗಳ ದುಡಿಮೆ, ಆ ಡಬ್ಬಿಯೊಳಗಿನ ಡಿಸ್ಕಿನಲ್ಲಿತ್ತು. ಸಂಜೆ ಐದಕ್ಕೆ ಕಾರ್ಖಾನೆಯವರು ಬರುವವರಿದ್ದರು. ಈ ಸಲ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೇಳಿಯೇ ಹೋಗಿದ್ದರು. ಬಿಚ್ಚಿ ನೋಡೋಣವೆಂದರೆ, ಮುಚ್ಚಲು ಒಂದು ಭಾನುವಾರ ಬೇಕಾದ ಡಬ್ಬಿಯನ್ನು ಹೆಂಡತಿ ಮಹಡಿ ಇಳಿಯುವುದರೊಳಗೆ ಬಿಚ್ಚಿ ಮುಚ್ಚಲಾದೀತೆ? ಅಂಗಡಿಯವನಿಗೇ ತೋರಿಸಬೇಕು. ಆಕೆಯ ಮೇಜಿನ ಮೇಲಿದ್ದ ಬಿಳಿ ಬಟ್ಟೆಯ ತುಂಡಿನಲ್ಲಿ ಡಬ್ಬಿಯನ್ನು ಸುತ್ತಿ, ಎದೆಗವಚಿಕೊಂಡು, ಕಳ್ಳನಂತೆ ಮೆಟ್ಟಿಲಿಳಿದ.

ಅಂಗಡಿ ಇನ್ನೂ ತೆರೆದಿರಲಿಲ್ಲ. ಅಷ್ಟರವರೆಗೆ ಕಚೇರಿಯಲ್ಲಿರೋಣವೆಂದು ಒಳಗೆ ಕಾಲಿಟ್ಟವನಿಗೆ ಮೊದಲು ಎದುರಾದವರು ಲೆಕ್ಕಪತ್ರ ನೋಡುವ ಲೆಕ್ಕದಮ್ಮ.

ಇಲ್ಲೊಂದು ಮಾತು ಹೇಳಬೇಕು. ದೊಡ್ಡಪ್ಪ ಯಾರು ಎಂಬುದು ಮನೆಯವರಿಗೆ ಗೊತ್ತಿತ್ತು. ಕಚೇರಿಯವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. "ದೊಡ್ಡಪ್ಪನಿಗೆ ನಿನ್ನೆ ಮತ್ತೆ ಮೈ ಬಿಸಿ", "ದೊಡ್ಡಪ್ಪನ ಗೊರಕೇಲಿ ನಿದ್ದೆನೇ ಇಲ್ಲ", "ಮೂಲೆ ಬಿಟ್ಟು ಏಳಲ್ಲ" ಎಂದು ಚಹಾದ ಹೊತ್ತಿನಲ್ಲಿ ಇಂಚಪ್ಪ ಗೊಣಗುತ್ತಿದ್ದುದನ್ನು ಅವರು ಕೇಳಿಸಿಕೊಂಡು ಬಂದಿದ್ದರು. ಹಿಂದೊಮ್ಮೆ ಲೆಕ್ಕದಮ್ಮ, "ಬಿಸಿ ಜಾಸ್ತಿಯಾದಾಗ ಒದ್ದೆ ಬಟ್ಟೇಲಿ ಮೈಯೆಲ್ಲ ಒರೆಸಿ" ಎಂದಿದ್ದರು. ಪಾಪ, ಅವರಿಗೆ ಕರೆಂಟಿನ ವಿಷಯ ತಿಳಿಯದು ಎಂದುಕೊಂಡು ಇಂಚಪ್ಪ ಸುಮ್ಮನಾಗಿದ್ದ.

"ಏನ್ರೀ, ಮುಖ ಯಾಕೆ ಹೀಗಾಗಿದೆ? ಕೈಲೇನು?"

"ದೊಡ್ಡಪ್ಪಂದು..." ಎಂದ ಇಂಚಪ್ಪ. ಬಸ್ಸಿನಲ್ಲಿ ನಿಂತೇ ಬಂದಿದ್ದರಿಂದ ಉಸಿರು ಸಾಲದಾಯಿತು. "ದೊಡ್ಡಪ್ಪಂದು ನಿನ್ನೆ ಮುಗೀತು."

ಲೆಕ್ಕದಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. "ಒಂದು ಫೋನ್ ಮಾಡೋದಲ್ವಾ?"

"ಭಾನುವಾರ ಯಾರಿಗೆ ತೊಂದರೆ ಕೊಡೋದು ಅಂತ ಮನೇಲೇ ಮುಗಿಸಿದ್ವಿ. ಅಷ್ಟು ದೊಡ್ಡ ದೇಹ ನೋಡಿ, ಉಳಿದದ್ದೆಲ್ಲ ಇಷ್ಟರಲ್ಲೇ ಹಿಡಿಸ್ತು."

ಲೆಕ್ಕದಮ್ಮ ಬಿಳಿ ಬಟ್ಟೆಯ ಗಂಟನ್ನು ನೋಡಿದರು. ಕಣ್ಣು ತುಂಬಿ ಬಂತು. "ಹೌದಪ್ಪ. ಕೊನೆಗೆ ಎಲ್ಲರೂ ಇಷ್ಟೇ." ಸ್ವಲ್ಪ ತಡೆದು ಕೇಳಿದರು, "ಮೆಮೊರಿ ಎಲ್ಲ ಚೆನ್ನಾಗಿತ್ತಾ ಕೊನೇವರೆಗೂ?"

"ಮೆಮೊರಿ ಗಟ್ಟಿ. ಅದನ್ನ ಬಿಡೋಕೆ ಮನಸ್ಸಾಗದೆ ಇದರಲ್ಲೇ ಇಟ್ಟುಕೊಂಡಿದೀನಿ."

ಮೆಮೊರಿಯ ವಿಷಯ ಇವರಿಗೆ ಹೇಗೆ ತಿಳಿಯಿತು ಎಂದು ಆಶ್ಚರ್ಯಪಡುತ್ತಲೇ ಇಂಚಪ್ಪ ತನ್ನ ಜಾಗಕ್ಕೆ ಹೋದ. ಹಿಂದೆಯೇ ಅವರು ಬಂದು ಅವನ ಮೊಬೈಲನ್ನು ಮೆಲ್ಲಗೆ ಎತ್ತಿಕೊಂಡರು. "ನನ್ನ ಹತ್ರ ಇರಲಿ. ಎಲ್ಲರೂ ಫೋನ್ ಮಾಡಿ ಮತ್ತೆ ಮತ್ತೆ ಅದನ್ನೇ ಕೇಳ್ತಾರೆ. ನೀವು ಸುಮ್ನೆ ಕೂತ್ಕೊಳ್ಳಿ."

ಅಲ್ಲಿಂದಾಚೆಗೆ ನಡೆದದ್ದು ಇಂಚಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಯಾರೋ ಚಹಾ ತಂದಿಟ್ಟರು. ಕೇಳದೆಯೇ ಎರಡು ಬಿಸ್ಕತ್ತು ಜೊತೆಗೆ. ಇನ್ನಾರೋ ಫ್ಯಾನನ್ನು ಅವನ ಕಡೆಗೆ ತಿರುಗಿಸಿದರು. ಪಕ್ಕದಲ್ಲಿ ಹಾದುಹೋಗುವವರೆಲ್ಲ ಚಪ್ಪಲಿಯ ಸದ್ದು ಮಾಡದೆ ಹಾದುಹೋದರು. ಅವನ ಮೇಜಿನ ಫೋನು ರಿಂಗಣಿಸಿದಾಗ ಲೆಕ್ಕದಮ್ಮ ಓಡಿಬಂದು ತಾವೇ ಎತ್ತಿಕೊಂಡರು.

"ಲಿಫ್ಟಲ್ಲಿ ಸಿಕ್ಕಾಕೊಂಡಿದೀರಾ? ಅಳಬೇಡಿ" ಎಂದರು, ಅವರೇ ಮೂಗೊರೆಸಿಕೊಳ್ಳುತ್ತ. "ನಮ್ಮ ಕೈಲೇನಿದೆ ಹೇಳಿ. ಇವತ್ತಲ್ಲ ನಾಳೆ ಎಲ್ಲರೂ ಮೇಲೆ ಹೋಗೋರೇ."

ಆ ಕಡೆಯಿಂದ ಕಿರುಚಿದ ಸದ್ದು ಇಂಚಪ್ಪನವರೆಗೂ ಕೇಳಿಸಿತು.

ಬಿಸ್ಕತ್ತನ್ನು ಅರ್ಧ ಕಚ್ಚಿದವನಿಗೆ ಇದ್ದಕ್ಕಿದ್ದಂತೆ ಒಂದು ನೆನಪು ಬಂತು. ಹಿಂದಿನ ಗೋದಾಮಿನವನನ್ನು ಕೆಲಸದಿಂದ ತೆಗೆದ ದಿನವೂ ಹೀಗೇ ಚಹಾದ ಜೊತೆ ಬಿಸ್ಕತ್ತು ಬಂದಿತ್ತು. ಓಹೋ, ಇದು ಆ ಬಿಸ್ಕತ್ತು. ಯಾಕೆ, ತಾನು ಮಾಡಿದ ತಪ್ಪೇನು? ಮನೆಯ ಕಂಪ್ಯೂಟರನ್ನು ಕಚೇರಿಗೆ ತಂದದ್ದೇ? ಯೋಚಿಸುತ್ತಿರುವಾಗಲೇ ಮ್ಯಾನೇಜರ್ ಕರೆಯುತ್ತಾರೆಂಬ ಸುದ್ದಿ ಬಂತು. ಇಂಚಪ್ಪ ಗಂಟನ್ನು ಅವಚಿಕೊಂಡೇ ಒಳಗೆ ಹೋದ.

ಮ್ಯಾನೇಜರ್ ಎದ್ದು ನಿಂತರು. ಅವರು ಕಂಪನಿಯ ಮಾಲೀಕರು ಬಂದಾಗ ಮಾತ್ರ ಏಳುತ್ತಿದ್ದವರು.

"ವಿಷಯ ತಿಳೀತು. ಮೂರು ದಿನ ನೀವು ಈ ಕಡೆ ಬರಬೇಡಿ."

"ಸಾರ್, ತಪ್ಪಾಯ್ತು. ಇನ್ಮೇಲೆ ಆಫೀಸಿಗೆ ತರಲ್ಲ. ಮನೇಲೇ ಇಡ್ತೀನಿ."

"ಮನೇಲಾ?"

"ಮಂಚದ ಪಕ್ಕ ಸಾರ್. ಅಲ್ಲಿಗೆ ಅಂತಲೇ ಅಳತೆ ತಗೊಂಡಿದ್ದು. ಕತ್ತಲಲ್ಲಿ ಇದರಿಂದ ಒಂಥರಾ ನೀಲಿ ಬೆಳಕು ಬರುತ್ತೆ. ನನ್ನ ಹೆಂಡತಿ ಒಂದು ಮಾತೂ ಆಡದೆ ಅದನ್ನೇ ನೋಡ್ತಾ ಕೂತಿದ್ಲು."

ಮ್ಯಾನೇಜರ್ ನೀರು ಕುಡಿದರು. ಆಮೇಲೆ ಮೇಜು ಸುತ್ತಿ ಬಂದು ಇಂಚಪ್ಪನ ಹೆಗಲ ಮೇಲೆ ಕೈಯಿಟ್ಟರು. "ಹಾಗೆಲ್ಲ ಇಟ್ಕೋಬಾರದಪ್ಪ. ಹೋದ ಮೇಲೆ ಬಿಟ್ಟುಬಿಡಬೇಕು. ನಿಮ್ಮ ಕೈಲಿ ಆಗಲ್ಲ, ನನಗೆ ಗೊತ್ತು. ನಮ್ಮ ಮೆಕ್ಯಾನಿಕ್ ಇದಾನಲ್ಲ, ಅವನ ಕೈಗೆ ಕೊಡಿ. ಅವನಿಗೆ ಇದರಲ್ಲಿ ಅನುಭವ ಇದೆ."

ಇಂಚಪ್ಪನಿಗೆ ಮೋಡ ಸರಿದಂತಾಯಿತು. ಹೌದಲ್ಲ. ಅಷ್ಟು ದೊಡ್ಡ ಲಿಫ್ಟುಗಳ ವೈರು ಜಾಲಾಡುವ ಕೈಗೆ ಈ ಡಬ್ಬಿ ಯಾವ ಲೆಕ್ಕ? ಅಂಗಡಿಯವನಿಗಾಗಿ ಕಾದು ಕೂತ ತನ್ನ ಬುದ್ಧಿಗೆ ಏನೆನ್ನಬೇಕು? ಕೆಲಸ ಹೋಗುವುದಿರಲಿ, ಕಂಪನಿಯ ಮೆಕ್ಯಾನಿಕ್ಕನನ್ನೇ ಬಿಟ್ಟುಕೊಡುತ್ತಿದ್ದಾರೆ.

"ಮಾಡಿಕೊಡ್ತಾರಾ ಸಾರ್ ನಿಜವಾಗ್ಲೂ?"

"ಅವನಾಗೇ ಕೇಳಿಕೊಂಡ."

ಮೆಕ್ಯಾನಿಕ್ ಬಾಗಿಲ ಹೊರಗೇ ನಿಂತಿದ್ದ. ಮೀಸೆಯೂ ಹೊಟ್ಟೆಯೂ ಸಮವಾಗಿ ಬೆಳೆದ ಗಟ್ಟಿ ಆಳು. ಕೈಯ ಗ್ರೀಸನ್ನು ಸೋಪು ಹಚ್ಚಿ ತೊಳೆದು ಬಂದಿದ್ದ. ಎರಡೂ ಕೈ ನೀಡಿ ಗಂಟನ್ನು ಇಸಿದುಕೊಂಡ.

"ಕುಲುಕಬೇಡಪ್ಪ. ತಲೆಕೆಳಗು ಮಾಡಬೇಡ" ಎಂದ ಇಂಚಪ್ಪ.

"ನನಗೆ ಹೇಳ್ಬೇಕಾ ಅಣ್ಣ. ನಮ್ಮಪ್ಪಂದೂ ನಾನೇ ಮಾಡಿದ್ದು."

"ನಿಮ್ಮಪ್ಪಂದೂ ಇಂಥದ್ದೇ ಇತ್ತಾ?"

"ಇಲ್ಲ, ಅದು ದುಂಡಗಿತ್ತು."

ದುಂಡನೆಯ ಕಂಪ್ಯೂಟರನ್ನು ಇಂಚಪ್ಪ ಕಂಡಿರಲಿಲ್ಲ. ಈಗ ಎಲ್ಲ ಆಕಾರದಲ್ಲೂ ಬರುತ್ತವೇನೋ ಎಂದುಕೊಂಡ. "ಐದರೊಳಗೆ ಆಗ್ಬೇಕು" ಎಂದ.

"ಕತ್ತಲಾಗೋ ಮುಂಚೆ ಆಗಿಬಿಡ್ಬೇಕು, ಗೊತ್ತು. ಹೋಗಿ ಬರೋದೇ ಹೊತ್ತು ಅಣ್ಣ. ಕೆಲಸ ಒಂದು ನಿಮಿಷದ್ದು."

ಒಂದು ನಿಮಿಷ. ತನಗೊಂದು ಭಾನುವಾರ ಹಿಡಿದಿತ್ತು. ಇಂಚಪ್ಪ ಮನಸ್ಸಿನಲ್ಲೇ ಆ ಕೈಗಳಿಗೆ ಶರಣೆಂದ. ತನ್ನ ಜಾಗಕ್ಕೆ ಬಂದು ಉಳಿದ ಬಿಸ್ಕತ್ತನ್ನು ನಿಶ್ಚಿಂತೆಯಿಂದ ತಿಂದ. ಅವನ ಮುಖದಲ್ಲಿ ಕಳೆ ಬಂದದ್ದನ್ನು ಕಂಡು ಲೆಕ್ಕದಮ್ಮ, "ನೋಡಿ, ಭಾರ ಇಳಿದ ಹಾಗಾಯ್ತು ಅಲ್ವಾ" ಎಂದರು. ಆಯಿತು ಎಂದ.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮೆಕ್ಯಾನಿಕ್ ಬಂದ. ಕೈ ಖಾಲಿ. ಪ್ಯಾಂಟು ಮೊಣಕಾಲವರೆಗೆ ಒದ್ದೆ.

"ಆಯ್ತಣ್ಣ" ಎಂದ ತಗ್ಗಿದ ದನಿಯಲ್ಲಿ.

"ಏನಾಗಿತ್ತು? ವೈರು ಸಡಿಲವಾಗಿತ್ತಾ?"

ಮೆಕ್ಯಾನಿಕ್ ಪ್ರಶ್ನೆಯನ್ನು ದುಃಖದ ಖಾತೆಗೆ ಹಾಕಿ ಮುಂದುವರಿಸಿದ. "ಸೇತುವೆ ಕೆಳಗೆ ಹೋಗಿದ್ದೆ. ಅಂಚಲ್ಲಿ ಬಿಟ್ರೆ ವಾಪಸ್ ದಡಕ್ಕೆ ಬಂದುಬಿಡುತ್ತೆ ಅಂತ ಕೊನೇ ಮೆಟ್ಟಿಲವರೆಗೂ ಇಳಿದು, ಆಳ ಇರೋ ಕಡೆ ಬಿಟ್ಟೆ. ತೂಕ ಚೆನ್ನಾಗಿತ್ತು. ಗುಳುಗುಳು ಅಂತ ನಾಲ್ಕು ಗುಳ್ಳೆ ಬಂತು. ಅಷ್ಟೇ. ಶಾಂತವಾಗಿ ಹೋದ್ರು."

"ಯಾರು ಹೋದ್ರು?"

"ದೊಡ್ಡಪ್ಪ."

ಇಂಚಪ್ಪ ಮೆಕ್ಯಾನಿಕ್ಕನ ಒದ್ದೆ ಪ್ಯಾಂಟನ್ನು ನೋಡಿದ. ಲೆಕ್ಕದಮ್ಮನ ಕೆಂಪು ಕಣ್ಣನ್ನು ನೋಡಿದ. ಬೆಳಗಿನಿಂದ ಅರ್ಥವಾಗದೆ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದ ಮಾತುಗಳೆಲ್ಲ, ದುಂಡಗಿದ್ದದ್ದು, ಎಲ್ಲರೂ ಇಷ್ಟೇ ಆಗುವುದು, ಬಿಟ್ಟುಬಿಡಬೇಕಾದದ್ದು, ಒಂದೊಂದಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು.

"ಅದು ಕಂಪ್ಯೂಟರ್" ಎಂದ. "ಕಂಪ್ಯೂಟರ್ ಅದು. ನಮ್ಮ ಕಂಪ್ಯೂಟರಿಗೆ ದೊಡ್ಡಪ್ಪ ಅಂತೀವಿ."

ಲೆಕ್ಕದಮ್ಮ, ಮೆಕ್ಯಾನಿಕ್, ಆಗಷ್ಟೇ ಹೊರಗೆ ಬಂದಿದ್ದ ಮ್ಯಾನೇಜರ್ ಮೂವರೂ ಮುಖ ಮುಖ ನೋಡಿಕೊಂಡರು.

"ನಮ್ಮಮ್ಮ ಹೋದಾಗ ನಾನೂ ಹೀಗೇ" ಎಂದರು ಲೆಕ್ಕದಮ್ಮ ಮ್ಯಾನೇಜರಿಗೆ. "ಹೊಲಿಗೆ ಮೆಷಿನ್ನಿಗೆ ಅಮ್ಮಾ ಅಂತಿದ್ದೆ. ಒಂದು ವಾರ ಬೇಕಾಯ್ತು."

"ಅದರೊಳಗೆ ನನ್ನ ಹೆಂಡತಿಯ ಎರಡು ತಿಂಗಳ ಕೆಲಸ ಇತ್ತು" ಎಂದು ಇಂಚಪ್ಪ ಕೂತಲ್ಲೇ ಕುಸಿದ.

"ಪಾಪ, ಎಷ್ಟು ಸೇವೆ ಮಾಡಿದ್ರೋ ಆಯಮ್ಮ" ಎಂದರು ಮ್ಯಾನೇಜರ್. "ಇವರನ್ನ ಒಬ್ಬರೇ ಕಳಿಸೋದು ಬೇಡ. ಗಾಡಿ ತೆಗೆಯಪ್ಪ, ನಾವೂ ಬರ್ತೀವಿ."

ಕಂಪನಿಯ ವ್ಯಾನಿನಲ್ಲಿ ಲೆಕ್ಕದಮ್ಮನಿಗೂ ಲಿಫ್ಟಿನ ಒಂದು ಸುರುಳಿ ಕೇಬಲ್ಲಿಗೂ ನಡುವೆ ಇಂಚಪ್ಪ ಕೂತಿದ್ದ. ದಾರಿಯುದ್ದಕ್ಕೂ ನಿಜ ಹೇಳಿದ. ಅವನು ಹೇಳಿದಷ್ಟೂ ಅವರು ಅವನ ಬೆನ್ನು ಸವರಿದರು. ಕಡೆಗೆ ಸುಮ್ಮನಾದ. ಇವರನ್ನು ನಂಬಿಸಿ ಆಗಬೇಕಾದ್ದೇನು? ಹೆಂಡತಿಗೆ ಏನು ಹೇಳುವುದು? ಬಸ್ಸಿನಲ್ಲಿ ಕಳೆಯಿತು ಎನ್ನಲೇ? ಕಳ್ಳ ಕಿತ್ತುಕೊಂಡ ಎನ್ನಲೇ? ಹೊಳೆಗೆ ಬಿಟ್ಟರು ಎನ್ನುವುದೊಂದೇ ಯಾರೂ ನಂಬದ ಮಾತು, ಮತ್ತು ಅದೊಂದೇ ನಿಜ.

ಮನೆಯ ಮೆಟ್ಟಿಲು ಹತ್ತುವಾಗ ಮೇಲಿನಿಂದ ಒಂದು ಸದ್ದು ಕೇಳಿಸಿತು. ಮೊದಲು ಕೆಮ್ಮಿದ ಹಾಗೆ, ಆಮೇಲೆ ಗೊರ್‌ರ್ ಎಂದು ಎಳೆದ ಹಾಗೆ. ಇಂಚಪ್ಪ ಗಕ್ಕನೆ ನಿಂತ. ಬಾಗಿಲು ತೆರೆದುಕೊಂಡಿತು. ಹೆಂಡತಿ ಕುತ್ತಿಗೆಯಲ್ಲಿ ಟೇಪು, ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡು ನಿಂತಿದ್ದಳು. ಕತ್ತಲ ಮೆಟ್ಟಿಲಿನಲ್ಲಿ ಅವಳಿಗೆ ಗಂಡನೊಬ್ಬನೇ ಕಂಡ.

"ಹೇಳದೆ ಕೇಳದೆ ಎಲ್ಲಿಗೆ ಹೋಗಿದ್ರಿ? ದೊಡ್ಡಪ್ಪ ಎದ್ದಿದಾನೆ."

ಹಿಂದೆ ಲೆಕ್ಕದಮ್ಮ ಕಂಬಿ ಹಿಡಿದುಕೊಂಡ ಸದ್ದಾಯಿತು.

"ಬಟ್ಟೆ ಒಣಹಾಕಿ ಬಂದು ಎಬ್ಬಿಸಿದೆ" ಎಂದು ಅವಳು ಮುಂದುವರಿಸಿದಳು. "ಮೆಮೊರಿ ವಾಪಸ್ ಹಾಕಿದ ತಕ್ಷಣ ಎದ್ದು ಕೂತ. ಬೆಳಗಿನಿಂದ ಒಂದೇ ಸಮ ದುಡೀತಿದಾನೆ. ಗೊರಕೆ ಒಂದು ಬಿಟ್ಟಿಲ್ಲ. ನಿಮಗೆ ಹೇಳೋಣ ಅಂತ ಫೋನ್ ಮಾಡಿದ್ರೆ ಯಾರೋ ಹೆಂಗಸು ಎತ್ತಿದ್ರು. ದೊಡ್ಡಪ್ಪ ಚೆನ್ನಾಗಿದಾನೆ, ಗಾಬರಿ ಬೇಡ ಅನ್ನಿ ಅಂದೆ. 'ಧೈರ್ಯ ತಂದ್ಕೋ ಮಗಳೇ' ಅಂತ ಹೇಳಿ ಇಟ್ಟೇಬಿಟ್ರು."

ಮ್ಯಾನೇಜರ್ ಮೆಟ್ಟಿಲಿನ ಮೇಲೇ ಕೂತುಬಿಟ್ಟಿದ್ದರು. ಅವರನ್ನು ಕೈಹಿಡಿದು ಎಬ್ಬಿಸಿ ಒಳಗೆ ಕರೆತರಬೇಕಾಯಿತು. ಮಲಗುವ ಕೋಣೆಯ ಮೂಲೆಯಲ್ಲಿ ದೊಡ್ಡಪ್ಪ ಎಂದಿನಂತೆ ವಿರಾಜಮಾನನಾಗಿದ್ದ. ಮಂಚದಡಿಯಿಂದ ಎಳೆದಿಟ್ಟ ಪ್ರಿಂಟರು ಒಂದು ಮಗುವಿನ ಕೋಟಿನ ಎಡತೋಳನ್ನು ನಿಧಾನವಾಗಿ ಹೊರಗೆ ಚಾಚುತ್ತಿತ್ತು. ಮಾದರಿಗಳೆಲ್ಲ ಸುರುಳಿ ಸುತ್ತಿಕೊಂಡು ಐದು ಗಂಟೆಗಾಗಿ ಕಾಯುತ್ತಿದ್ದವು. ಲೆಕ್ಕದಮ್ಮ ಬಹಳ ಹೊತ್ತು ಆ ಪೆಟ್ಟಿಗೆಯನ್ನು ನೋಡಿ, "ಒದ್ದೆ ಬಟ್ಟೇಲಿ ಒರೆಸಿ ಅಂದಿದ್ನಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮ್ಯಾನೇಜರ್ ಜೇಬಿನಿಂದ ಮೂರು ದಿನದ ರಜೆಯ ಕಾಗದ ತೆಗೆದು ನಾಲ್ಕು ಮಡಿಕೆ ಮಾಡಿ ಮತ್ತೆ ಜೇಬಿಗೇ ಹಾಕಿಕೊಂಡು, "ನಾಳೆ ಒಂಬತ್ತಕ್ಕೆ ಬಂದ್ಬಿಡಿ" ಎಂದರು.

ಆ ಮಾತೂ ಇಂಚಪ್ಪನಿಗೆ ಹಿತವಾಗಿ ಕೇಳಿಸಿತು. ಕೋಟುಗಳು ಉಳಿದಿದ್ದವು. ಅವನು ಒಂದು ಸುರುಳಿಯನ್ನು ಮುಟ್ಟಿ ನೋಡಿ ಹೆಂಡತಿಯ ಕಡೆ ತಿರುಗಿದ.

"ಅಂದ್ರೆ ಆ ಚಿಕ್ಕದು ಕೆಟ್ಟಿರಲಿಲ್ವಾ?"

"ಅದಕ್ಕೇನಾಗಿದೆ? ಮೆಮೊರಿ, ಡಿಸ್ಕು ಎರಡೂ ನೀವು ಮಲಗಿದ್ದಾಗಲೇ ನಾನು ಬಿಚ್ಚಿಕೊಂಡಿದ್ದೆ, ಇನ್ನೆಲ್ಲಿಂದ ಕಣ್ಣು ಬಿಡುತ್ತೆ. ನನ್ನ ಪ್ರಿಂಟರಿನ ವೈರು ಚುಚ್ಚೋಕೆ ಅದರಲ್ಲಿ ತೂತೇ ಇಲ್ಲ ರೀ. ನಿನ್ನೆ ನಿಮ್ಮ ಖುಷಿ ನೋಡಿ ಹೇಳೋಕೆ ಮನಸ್ಸಾಗ್ಲಿಲ್ಲ." ಅವಳು ಮುದ್ರಣವಾದ ತೋಳನ್ನು ಹರಿದು ಸುರುಳಿ ಸುತ್ತುತ್ತ ನಕ್ಕಳು. "ನಂಗೂ ಆ ಚಿಕ್ಕದೇ ಇಷ್ಟ. ಅಂಗಡಿಯವರಿಗೆ ಫೋನ್ ಮಾಡಿ ಮಾತಾಡಿದೀನಿ. ಪ್ರಿಂಟರಿನ ತೂತಿರೋ ಬೋರ್ಡು ಹಾಕಿಕೊಡ್ತಾರಂತೆ, ಹಳೇದನ್ನ ವಾಪಸ್ ತಗೋತಾರಂತೆ. ಇವತ್ತೇ ತರಬೇಕು, ತಂದ ಹಾಗೇ ಇರಬೇಕು, ಒಂದು ಗೀರೂ ಬಿದ್ದಿರಬಾರದು ಅಂದ್ರು. ಎಲ್ಲಿ, ಕೊಡಿ ಡಬ್ಬಿ."

ಇಂಚಪ್ಪ ಮ್ಯಾನೇಜರನ್ನು ನೋಡಿದ. ಮ್ಯಾನೇಜರ್ ಲೆಕ್ಕದಮ್ಮನನ್ನು ನೋಡಿದರು. ಲೆಕ್ಕದಮ್ಮ ಮೆಕ್ಯಾನಿಕ್ಕನನ್ನು ನೋಡಿದರು. ಮೆಕ್ಯಾನಿಕ್ ತನ್ನ ಒದ್ದೆ ಪ್ಯಾಂಟನ್ನು ನೋಡಿಕೊಂಡು, ಒಂದು ಹೆಜ್ಜೆ ಮುಂದೆ ಬಂದು, ಮೆಲ್ಲಗೆ ಕೇಳಿದ.

"ಅಕ್ಕ, ಮನೇಲಿ ಉದ್ದದ ಹಗ್ಗ ಏನಾದ್ರೂ ಇದೆಯಾ?"